ಆರನೇ ಕೋಣೆಯ ಮೌನಿ

ಕಾಲೇಜಿನ ಆರನೇ ಕೋಣೆಯ ಬಾಗಿಲಿಗೆ ಅಮೋಘಸಿದ್ಧ ಎಣ್ಣೆ ಬಿಡುತ್ತಿದ್ದ. ಹತ್ತಿಯ ಬತ್ತಿಯನ್ನು ಕುಸುಬೆ ಎಣ್ಣೆಯಲ್ಲಿ ಅದ್ದಿ ಬಿಜಾಗರಿಯ ಸಂದಿಗೆ ಒತ್ತುವುದು, ಬಾಗಿಲನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಆಡಿಸುವುದು, ಕಿವಿಗೊಟ್ಟು ಕೇಳುವುದು. ಕಿರ್ ಎಂದರೆ ಮತ್ತೆ ಬತ್ತಿ. ಬೆಳಗಿನ ಆ ಹೊತ್ತಿಗೆ ವರಾಂಡದಲ್ಲಿ ನರಪಿಳ್ಳೆ ಇರಲಿಲ್ಲ. ಕಡೆಗೂ ಬಾಗಿಲು ಸೊಲ್ಲೆತ್ತದೆ ತೆರೆದು ಸೊಲ್ಲೆತ್ತದೆ ಮುಚ್ಚಿಕೊಂಡಾಗ ಅವನು ಬತ್ತಿಯನ್ನು ಕೈಯಲ್ಲಿ ಹಿಡಿದು, ಯುದ್ಧ ಗೆದ್ದವನ ಹಾಗೆ ಸ್ವಲ್ಪ ಹೊತ್ತು ನಿಂತ.

ಕೋಣೆಯೊಳಗಿನ ವ್ಯವಸ್ಥೆಯೂ ಅವನದೇ. ಮೂಲೆಯಲ್ಲಿ ಒಂದು ಗಾದಿ, ಅದರ ಮೇಲೆ ಬಿಳಿ ಹಾಸು, ಒರಗಿಕೊಳ್ಳಲು ಲೋಡು, ಮಣ್ಣಿನ ಹೂಜಿಯಲ್ಲಿ ನೀರು, ಕಿಟಕಿಗೆ ದಪ್ಪ ಪರದೆ. ಟ್ಯೂಬ್‌ಲೈಟು ಮಿಣಮಿಣ ಮಾಡುತ್ತದೆಂದು ಅದನ್ನು ತೆಗೆಸಿ ಒಂದು ಸಣ್ಣ ಬಲ್ಬು ಹಾಕಿಸಿದ್ದ. ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದ: ‘ಒಳಗೆ ಮೌನ. ಮಾತನಾಡಬಾರದು. ಚಪ್ಪಲಿ ಹೊರಗೆ ಬಿಡಿ. ಒಳಗಿದ್ದವರನ್ನು ಮುಟ್ಟಬಾರದು.’

ಈ ಕೆಲಸ ಅವನ ಕೊರಳಿಗೆ ಬಿದ್ದದ್ದು ಅವನ ಬಾಯಿಂದಲೇ. ಸಿಂದಗಿಯ ಆ ಕಾಲೇಜಿನಲ್ಲಿ ಅವನು ಇತಿಹಾಸದ ಅತಿಥಿ ಉಪನ್ಯಾಸಕ. ಲೋಕದ ಉಳಿದ ಅತಿಥಿಗಳನ್ನು ಇನ್ನೆರಡು ದಿನ ಇರಿ ಎನ್ನುತ್ತಾರೆ. ಈ ಅತಿಥಿಯನ್ನು ಮಾತ್ರ ಪ್ರತಿ ಬೇಸಿಗೆಯಲ್ಲಿ ಹೊರಗೆ ಕಳಿಸಿ, ಮನಸ್ಸು ಬಂದರೆ ಮತ್ತೆ ಕರೆಯುತ್ತಾರೆ. ಹಾಗಾಗಿ ವಿಚಾರ ಸಂಕಿರಣದ ತಯಾರಿಯ ಸಭೆಯಲ್ಲಿ ಪ್ರಿನ್ಸಿಪಾಲ ಹಣಮಂತ್ರಾಯರು, “ನಡಿಯಾಕ ಬರದವರು, ಕಿವಿ ಕೇಳದವರು, ಆಟಿಸಂ ಇದ್ದವರು, ಎಲ್ಲಾರೂ ಆರಾಮಾಗಿ ಕುಂತು ಕೇಳಂಗ, ಎದ್ದು ಮಾತಾಡಂಗ ಸಭಾ ಮಾಡ್ರಿ ಅಂತ ಮ್ಯಾಲಿಂದ ಹೇಳ್ಯಾರ. ಇದರಾಗ ಯಾರಿಗರೆ ಏನರೆ ತಿಳಿತೈತೇನ್ರಿ?” ಎಂದು ಕೇಳಿದಾಗ ಕಾಯಂ ನೌಕರರೆಲ್ಲ ಫ್ಯಾನು ನೋಡಿದರು. ಅಮೋಘಸಿದ್ಧ ಎದ್ದು ನಿಂತ.

“ನಾ ವಿಜಯಪುರದಾಗ ತರಬೇತಿ ತಗೊಂಡೇನ್ರಿ ಸರ.”

ಸುಳ್ಳಲ್ಲ. ತರಬೇತಿಗೆ ಹೋಗಿದ್ದ. ಆದರೆ ಕುಳಿತದ್ದು ಕೂಲರಿನ ಮುಂದೆ. ಎಚ್ಚರವಾದಾಗ ಎಲ್ಲರೂ ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತಿದ್ದರು. ಚಪ್ಪಾಳೆಯ ಸಪ್ಪಳ ಕೆಲವರಿಗೆ ತಡೆಯಲಾಗುವುದಿಲ್ಲ, ಅದಕ್ಕೇ ಹೀಗೆ ಎಂದು ಪಕ್ಕದವರು ಹೇಳಿದ್ದರು. ಅವನ ವಿದ್ಯೆ ಅಲ್ಲಿಂದ ಶುರುವಾಗಿ ಅಲ್ಲಿಗೇ ಮುಗಿದಿತ್ತು.

ಉಳಿದದ್ದನ್ನು ಫೋನಿನಲ್ಲಿ ಕಲಿಸಿದವಳು, ಸಂಕಿರಣದಲ್ಲಿ ಪ್ರಬಂಧ ಓದಲಿದ್ದ ಇಂಡಿ ಊರಿನ ಸಂಘಮಿತ್ರಾ. ಭೀಮಾ ದಂಡೆಯಿಂದ ಬಸವನ ಬಾಗೇವಾಡಿಯ ತನಕ ಹೊಲಗಳಿಗೆ ಜನ ಇಟ್ಟ ಹೆಸರುಗಳನ್ನು ಕೂಡಿಸಿ ಪಿಎಚ್‌.ಡಿ. ಮಾಡುತ್ತಿದ್ದಳು.

“ನನಗ ಆಟಿಸಂ ಐತ್ರಿ,” ಎಂದು ಅವಳು, ನನಗೆ ಚಹಾ ಸೇರುವುದಿಲ್ಲ ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದ್ದಳು. “ಒಮ್ಮಿಗೇ ಭಾಳ ಸಪ್ಪಳಾತಂದ್ರ ನನ್ನ ಮಾತು ನಿಂತಬಿಡ್ತಾವು. ಒಂದು ಶಾಂತ ಕೋಣಿ ಕೊಡ್ರಿ. ಮುಟ್ಟಬ್ಯಾಡ್ರಿ. ಹಾರ, ಶಾಲು ಬ್ಯಾಡ. ನನ್ನ ಪಾಳಿ ಯಾವಾಗ ಅಂತ ಮೊದಲ ಹೇಳ್ರಿ, ಹೇಳಿದಂಗ ಮಾಡ್ರಿ. ಹಿಂದ ಒಂದು ಕಡೆ ಚಪ್ಪಾಳಿಗೆ ಹೆದರಿ ಓಡಿ ಬಂದೆ. ಇನ್ನೊಂದು ಕಡೆ ನನ್ನ ಪಾಳ್ಯಾಗ ಓದೋದು ಬಿಡಿಸಿ, ಪಾಪ ಅಂತ ಸನ್ಮಾನ ಮಾಡಿ ಕಳಿಸಿದ್ರು. ಇದು ಕಡೀ ಅವಕಾಶ. ಇಲ್ಲಿ ಓದಿ, ಸಭಾದವರ ಪ್ರಶ್ನಿಗೆ ಉತ್ತರ ಕೊಟ್ರಷ್ಟ ಯುನಿವರ್ಸಿಟಿಯವರು ನನ್ನ ಪಿಎಚ್‌.ಡಿ. ಪ್ರಬಂಧ ತಗೋತಾರ.”

“ಎಲ್ಲಾ ನನಗ ಬಿಡ್ರಿ,” ಎಂದಿದ್ದ ಅಮೋಘಸಿದ್ಧ. ಅವನ ಮೇಲೆ ಬಿಟ್ಟ ಕೆಲಸಗಳ ಹಿಂದಿನ ಚರಿತ್ರೆ ಪಾಪ ಅವಳಿಗೆ ಗೊತ್ತಿರಲಿಲ್ಲ.

ಹಿಂದಿನಿಂದ ಬಳೆಯ ಸಪ್ಪಳವಾಯಿತು. ಅವನ ಅತ್ತೆ ಕಾಶಿಬಾಯಿ. ಮಗಳ ಮನೆಗೆ ಬಂದು ವಾರವಾಗಿದ್ದ ಈಕೆ, ಅಳಿಯ ಮರೆತು ಬಂದ ಬುತ್ತಿ ಹಿಡಿದು ಕಾಲೇಜಿಗೇ ಬಂದಿದ್ದಳು. ಅಮೋಘಸಿದ್ಧ ತಟ್ಟನೆ ತುಟಿಯ ಮೇಲೆ ಬೆರಳಿಟ್ಟ. ಕಾಶಿಬಾಯಿ ಬಾಗಿಲ ಬರಹ ಓದಿದಳು, ಗಾದಿ ನೋಡಿದಳು, ಬಿಳಿ ಹಾಸು ನೋಡಿದಳು, ಮಂದ ಬೆಳಕು ನೋಡಿದಳು. ಕಾಲಿಂದ ಚಪ್ಪಲಿ ತಾವಾಗಿ ಕಳಚಿಕೊಂಡವು. ಪಿಸುದನಿಯಲ್ಲಿ ಕೇಳಿದಳು:

“ಯಾರ ಕುಂದ್ರವರದಾರ ಅಳ್ಯಾರ ಇಲ್ಲಿ?”

“ಇಂಡಿಯಿಂದ ಬರಾಕತ್ತಾರ್ರಿ ಅತ್ತಿ. ಭಾಳ ದೊಡ್ಡ ಸಾಧನಾ ಮಾಡಿದವರು.”

“ಮಾತಾಡ್ತಾರೇನ?”

“ಒಳಗಿದ್ದಾಗ ಇಲ್ಲ.”

“ಕಾಲರೆ ಮುಟ್ಟಬಹುದೇನ?”

“ಏನೂ ಮುಟ್ಟಂಗಿಲ್ಲ.”

“ಊಟಾ?”

“ಮಸಾಲಿ ವಾಸನಿ ಆಗಂಗಿಲ್ಲಂತ. ಬಾಳಿಹಣ್ಣ ಸಾಕಂದಾರ.”

ಕಾಶಿಬಾಯಿಯ ಕಣ್ಣಲ್ಲಿ ನೀರು ತುಂಬಿತು. ಆ ಸೀಮೆಯಲ್ಲಿ ಬೆಳೆದವರಿಗೆ ಇನ್ನೇನು ಹೇಳಬೇಕು? ಯಾವುದಾದರೊಂದು ಮಠದ ಅಜ್ಜನವರು ಮೌನಾನುಷ್ಠಾನಕ್ಕೆ ಕೂತರೆಂದರೆ ಹೀಗೆಯೇ ಕತ್ತಲೆ ಕೋಣೆ, ಹೀಗೆಯೇ ಬಿಳಿ ಹಾಸು, ಹೀಗೆಯೇ ಬಾಳೆಹಣ್ಣು. ದರ್ಶನಕ್ಕೆ ಊರಿಗೆ ಊರೇ ನೆರೆಯುತ್ತದೆ. ತನ್ನ ಅಳಿಯ, ಇನ್ನೂ ನೌಕರಿ ಕಾಯಂ ಆಗದ ಈ ಅಳಿಯ, ಮೌನಿಯೊಬ್ಬರನ್ನು ಸಿಂದಗಿಗೆ ಕರೆಸಿದ್ದಾನೆ!

“ಯಾರ ಮುಂದೂ ಹೇಳಬ್ಯಾಡ್ರಿ ಅತ್ತಿ,” ಎಂದ ಅಮೋಘಸಿದ್ಧ. “ಮಂದಿ ಕೂಡಿದ್ರ ಗದ್ದಲಾಗತೈತಿ.”

“ನಾ ಯಾಕ ಹೇಳ್ಲಿ?” ಎನ್ನುತ್ತ ಕಾಶಿಬಾಯಿ ಗೇಟು ದಾಟಿ ಫೋನು ತೆಗೆದಳು.

ಸಂಘಮಿತ್ರಾ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಬಿಳಿ ಚೂಡಿದಾರ, ಎದೆಗವಚಿಕೊಂಡ ಒಂದು ಚೀಲ. ಅಮೋಘಸಿದ್ಧ ಕೈ ಜೋಡಿಸಿ, ಇಂದು ನಮ್ಮ ಕಾಲೇಜಿಗೆ ಎಂಥ ಸುದಿನ ಎಂಬಲ್ಲಿಂದ ಶುರು ಮಾಡಿದ.

“ನೀವು ಭಾಳ ಮಾತಾಡ್ತೀರಿ ಸರ,” ಎಂದಳು ಅವಳು. “ಕೋಣಿ ಎಲ್ಲೈತಿ?”

ಕೋಣೆಯನ್ನು ಮೂಲೆ ಮೂಲೆ ನೋಡಿದಳು. ಬಾಗಿಲನ್ನು ತೆರೆದು ಮುಚ್ಚಿದಳು. ಗಾದಿಯ ಮೇಲೆ ಕಾಲು ಮಡಚಿ ಕೂತು, ದುಪಟ್ಟಾವನ್ನು ತಲೆ ಕಿವಿ ಮುಚ್ಚುವಂತೆ ಹೊದ್ದುಕೊಂಡು, “ಛಲೋ ಮಾಡೀರಿ” ಎಂದಳು. ಆ ಕಾಲೇಜಿನಲ್ಲಿ ಅಮೋಘಸಿದ್ಧನಿಗೆ ಯಾರೂ ಆ ಮಾತು ಅಂದಿರಲಿಲ್ಲ. ಅವನು ಹಿಗ್ಗಿ ಹೊರಗೆ ಬಂದ. ವರಾಂಡದ ಆ ತುದಿಯಲ್ಲಿ ಸೆರಗು ಹೊದ್ದ ನಾಲ್ಕಾರು ಹೆಂಗಸರು ಕೈ ಮುಗಿದು ನಿಂತದ್ದು ಹಿಗ್ಗಿನಲ್ಲಿ ಅವನಿಗೆ ಕಾಣಲಿಲ್ಲ.

ಸಭಾಂಗಣದಲ್ಲಿ ಬೇರೊಂದು ಸಂಕಟ ಕಾದಿತ್ತು. ಸಂಘಮಿತ್ರಾಳ ಗೋಷ್ಠಿಯ ಅಧ್ಯಕ್ಷರು ಮುದ್ದೇಬಿಹಾಳದ ಪ್ರೊಫೆಸರ್ ಗೈಬುಸಾಬರು. ಗಾಲಿಕುರ್ಚಿಯಲ್ಲಿ ಓಡಾಡುವವರು. ಅವರಿಗಾಗಿ ಅಮೋಘಸಿದ್ಧ ವೇದಿಕೆಗೆ ಹಲಗೆಯ ಇಳಿಜಾರು ಮಾಡಿಸಿದ್ದ. ಅಷ್ಟು ಅಗಲದ ಹೊಸ ಹಲಗೆ ಕಂಡ ಬಿ.ಎ. ಹುಡುಗಿಯರು ಅದರ ಮೇಲೆ ಉದ್ದಕ್ಕೂ ನವಿಲಿನ ರಂಗೋಲಿ ಬಿಟ್ಟು, ತುದಿಯಲ್ಲಿ ಎದೆಯುದ್ದದ ದೀಪದ ಕಂಬ ನಿಲ್ಲಿಸಿದ್ದರು.

ಗೈಬುಸಾಬರು ನವಿಲನ್ನು ಬಾಲದಿಂದ ಕೊಕ್ಕಿನ ತನಕ ನೋಡಿದರು. “ಏನಪಾ ಮಾಸ್ತರ, ಇದು ಹತ್ತಾಕ ಮಾಡೀಯೋ, ನೋಡಾಕ ಮಾಡೀಯೋ?”

“ಹತ್ತಾಕರೀ ಸರ. ಉದ್ಘಾಟನಾ ಆತಂದ್ರ ದೀಪಾ ಸರಸ್ತೀವಿ.”

“ಉರಿಯೂ ದೀಪಾ ಸರಸಬಾರದು ಮಾಸ್ತರ, ಅಪಶಕುನ,” ಎಂದರು ಹಣಮಂತ್ರಾಯರು ವೇದಿಕೆಯ ಮೇಲಿನಿಂದ.

“ಹೌದ್ರಿ, ಬಿಡ್ರಿ,” ಎಂದರು ಗೈಬುಸಾಬರು. “ಎಣ್ಣಿ ತೀರೂತನಕ ನಾ ಇಲ್ಲೇ ನವಲಾ ಕಾಯ್ತೇನಿ.”

ಉದ್ಘಾಟಕರು ಆಡಳಿತ ಮಂಡಳಿಯ ಅಧ್ಯಕ್ಷ ಅನಿಲಕುಮಾರ ಸಾಹುಕಾರರು. ಅಮೋಘಸಿದ್ಧನನ್ನು ಬರುವ ವರ್ಷ ಕರೆಯಬೇಕೋ ಬೇಡವೋ ಎಂದು ಹೇಳುವ ಬಾಯಿ ಇವರದೇ. ಭಾಷಣ ಮುಗಿಸಿ, ಚಪ್ಪಾಳೆಯನ್ನು ಬರಮಾಡಿಕೊಳ್ಳಲು ಎದೆ ಮುಂದೆ ಮಾಡಿ ನಿಂತರು. ಸಪ್ಪಳವಿಲ್ಲ. ಅಮೋಘಸಿದ್ಧ ಕಲಿಸಿದಂತೆ ಇಡೀ ಸಭೆ ಎರಡೂ ಕೈ ಮೇಲೆತ್ತಿ ಬೀಸತೊಡಗಿತು.

ಸಾಹುಕಾರರ ಮುಖ ಕಂದಿತು. “ಏನ್ರಿ ಪ್ರಿನ್ಸಿಪಾಲರ, ಹೋಗ ಹೋಗ ಅನ್ನಾಕತ್ತಾರೇನ ನನಗ?”

“ಇಲ್ಲಿಲ್ರಿ ಸಾಹುಕಾರ್ರ! ಅದು ಚಪ್ಪಾಳಿರಿ.”

“ಸಪ್ಪಳಿಲ್ಲದ್ದು ಎಂಥಾ ಚಪ್ಪಾಳಿ? ನನ್ನ ಭಾಷಣಕ್ಕ ಅಂಗೈನೂ ಉಳಿಸಾಕ ನಿಂತೀರೇನ? ಯಾರಿದನ್ನ ಕಲಿಸಿದವರು?”

ಹಣಮಂತ್ರಾಯರ ಬೆರಳು ಅಮೋಘಸಿದ್ಧನತ್ತ ತಿರುಗಿತು. ಅವನು ಅಭ್ಯಾಸ ಬಲದಿಂದ ಇನ್ನೂ ಕೈ ಬೀಸುತ್ತಲೇ ಇದ್ದ.

“ಬರೂ ವರ್ಷ ನೋಡ್ತೇನಿ ನಿನ್ನ,” ಎಂದು ಸಾಹುಕಾರರು ಶಾಲು ಕೊಡವಿ ಹೊರಗೆ ನಡೆದರು. ಅಮೋಘಸಿದ್ಧ ಬೆನ್ನು ಹತ್ತಿದ.

ವರಾಂಡಕ್ಕೆ ಬಂದ ಸಾಹುಕಾರರು ಗಕ್ಕನೆ ನಿಂತರು. ಆರನೇ ಕೋಣೆಯ ಮುಂದೆ ಚಪ್ಪಲಿಗಳ ರಾಶಿ. ಗೋಡೆಗುಂಟ ಪಾಳಿ ಹಚ್ಚಿದ ಹೆಂಗಸರು, ಮುದುಕರು, ಬಗಲಲ್ಲಿ ಕೂಸುಗಳು, ಕೈಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ. ಊದಿನಕಡ್ಡಿಯ ಹೊಗೆ ಬಾಗಿಲ ಸಂದಿಯಿಂದ ಒಳಗೆ ನುಗ್ಗುತ್ತಿತ್ತು. ಹೊಸ್ತಿಲ ಹತ್ತಿರ ಒಬ್ಬ ಮುದುಕ ಫಟ್ಟನೆ ಕಾಯಿ ಒಡೆದ. ಅಮೋಘಸಿದ್ಧನ ಎದೆಯೂ ಜೊತೆಗೇ ಒಡೆಯಿತು.

“ಏನ ನಡದೈತವಾ ಇಲ್ಲಿ?” ಎಂದರು ಸಾಹುಕಾರರು.

ಕಾಶಿಬಾಯಿ ಮುಂದೆ ಬಂದಳು. “ಮೌನ ಹಿಡದ ಅವ್ವಾರ ಕುಂತಾರ್ರಿ ಯಪ್ಪಾ. ಮಾತಿಲ್ಲ ಕತಿಯಿಲ್ಲ. ಒಂದ ಬಾಳಿಹಣ್ಣಿನ ಮ್ಯಾಲ ಜೀವಾ ಹಿಡದಾರ. ನಮ್ಮ ಅಳ್ಯಾರ ಕರಿಸ್ಯಾರ್ರಿ.”

ಸಾಹುಕಾರರು ಬೂಟು ಬಿಚ್ಚಿ, ಇಸ್ತ್ರಿಯ ಅಂಗಿ ಲೆಕ್ಕಿಸದೆ ಮುಚ್ಚಿದ ಬಾಗಿಲಿಗೆ ದೀರ್ಘದಂಡ ನಮಸ್ಕಾರ ಹಾಕಿದರು. ಎದ್ದಾಗ ಅಮೋಘಸಿದ್ಧನನ್ನು ನೋಡಿದ ಕಣ್ಣೇ ಬೇರೆಯಾಗಿತ್ತು.

“ಇದನ್ನ ಮೊದಲ ಹೇಳಬಾರದೇನ್ರಿ ಮಾಸ್ತರ?”

“ಅಲ್ರೀ ಸಾಹುಕಾರ್ರ! ಒಳಗ ಅವ್ವಾರೂ ಇಲ್ಲ, ಅಜ್ಜಾರೂ ಇಲ್ಲ. ಪಿಎಚ್‌.ಡಿ. ಮಾಡಾಕತ್ತ ಹುಡುಗಿ ಅದಾಳ್ರಿ. ಸಪ್ಪಳ ಆಗಂಗಿಲ್ಲಂತ ಸುಮ್ಕ ಕುಂತಾಳ.”

“ನೋಡಿದ್ರ್ಯಾ?” ಎಂದಳು ಕಾಶಿಬಾಯಿ ಹೆಮ್ಮೆಯಿಂದ. “ಬಿಚ್ಚಿ ಹೇಳಬಾರದಂತ ಅಪ್ಪಣಿ ಆಗೇತಿ ಅವರಿಗೆ. ನನಗೂ ಹೇಳಬ್ಯಾಡ ಅಂದಿದ್ರು.”

ಪಾಳಿಯಲ್ಲಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಅಮೋಘಸಿದ್ಧ ಇಲ್ಲ ಎಂದಷ್ಟೂ ಇದೆ ಎಂಬುದು ಗಟ್ಟಿಯಾಗುತ್ತ ಹೋಯಿತು. ಕಡೆಗೆ ಅವನು ಜನರನ್ನು ಬಗೆದು ಬಾಗಿಲು ಸರಿಸಿ ಒಳಗೆ ನುಸುಳಿದ.

ಸಂಘಮಿತ್ರಾ ಮೂಲೆಗೆ ಒತ್ತಿಕೊಂಡಿದ್ದಳು. ಎರಡೂ ಅಂಗೈ ಕಿವಿಯ ಮೇಲೆ. ಮೈ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. ತುಟಿ ಆಡಿಸಿದಳು, ದನಿ ಬರಲಿಲ್ಲ. ಫೋನು ತೆಗೆದು ಅದರಲ್ಲಿ ಬರೆದು ತೋರಿಸಿದಳು.

‘ತೆಂಗಿನಕಾಯಿ ಯಾಕೆ?’

ಅವಳು ಅಳಿಸಿ ಮತ್ತೆ ಬರೆದಳು.

‘ನನ್ನ ಪಾಳಿ ಬಂತು. ಸಪ್ಪಳ ನಿಂತರೆ ಮಾತು ಬರುತ್ತದೆ. ನಿಲ್ಲದಿದ್ದರೆ ಇಲ್ಲ. ನಿಲ್ಲಿಸಿ.’

ಅಮೋಘಸಿದ್ಧನ ಜೀವನದಲ್ಲಿ ಅವನ ಮೇಲೆ ಇಷ್ಟು ಭಾರ ಹಾಕಿದವರು ಇರಲಿಲ್ಲ. ತಲೆಯಾಡಿಸಿ ಬಾಗಿಲು ತೆರೆದ. ತೆರೆದ ಬಾಗಿಲಿನಿಂದ ಬಿಳಿ ಬಟ್ಟೆ ಹೊದ್ದು ತೂಗುತ್ತಿದ್ದ ಆಕೃತಿ ಜನರ ಕಣ್ಣಿಗೆ ಬಿತ್ತು. “ಯವ್ವಾ, ಮೈಯಾಗ ಬಂದೈತಿ!” ಎಂದು ಒಬ್ಬಳು ಕೂಗಿದಳು. ಹಿಂದೆಯೇ ಜೈಕಾರ ಎದ್ದಿತು. ಅಮೋಘಸಿದ್ಧ “ಸುಮ್ನಿರ್ರೀ! ಒದರಬ್ಯಾಡ್ರೀ!” ಎಂದು ಎಲ್ಲರಿಗಿಂತ ಜೋರಾಗಿ ಒದರಿದ.

ಆಗ ಗೇಟಿನ ಕಡೆಯಿಂದ ಇನ್ನೊಂದು ಸಪ್ಪಳ ಬಂತು. ಕಿವಿಗಿಂತ ಮೊದಲು ಹೊಟ್ಟೆಗೆ ತಿಳಿಯುವ ಸಪ್ಪಳ.

“ನಮ್ಮ ತಮ್ಮ ಸಿದ್ಧರಾಮ,” ಎಂದಳು ಕಾಶಿಬಾಯಿ. “ದೇವಣಗಾಂವದಿಂದ ಡೊಳ್ಳಿನ ಮ್ಯಾಳ ಕಟಗೊಂಡ ಬಂದಾನ. ಅಳ್ಯಾರ ಕರಿಸಿದ ಅವ್ವಾರು, ಬೀಗರ ಡೊಳ್ಳಿಲ್ಲದ ಕುಂತ್ರಂದ್ರ ಮಂದಿ ಏನಂದಾರು?”

ಟಂಟಂ ಗಾಡಿಯಿಂದ ಡೊಳ್ಳುಗಳು ಒಂದೊಂದಾಗಿ ಇಳಿದವು. ಸೊಂಟಕ್ಕೆ ಕಂಬಳಿ ಬಿಗಿದ ಸಿದ್ಧರಾಮ ಮುಂದಿನ ಡೊಳ್ಳನ್ನು ಕೊರಳಿಗೆ ಹಾಕಿಕೊಂಡು ಆರನೇ ಕೋಣೆಯ ದಿಕ್ಕಿಗೆ ಹೆಜ್ಜೆ ಹಾಕಿದ. ಅಮೋಘಸಿದ್ಧ ಓಡಿ ಹೋಗಿ ಡೊಳ್ಳನ್ನು ಎರಡೂ ಕೈಯಿಂದ ತಬ್ಬಿಕೊಂಡ.

“ಬ್ಯಾಡ್ರೀ ಮಾವಾರ, ನಿಮ್ಮ ಕಾಲ ಬೀಳ್ತೇನಿ!”

“ಬಾಜೂ ಸರೀರಿ ಅಳ್ಯಾರ. ಒಂದ ಸುತ್ತ ಬಾರಿಸಿದ್ವಂದ್ರ ಮೌನ ಹಿಡದವರೂ ಎದ್ದ ಕುಣೀಬೇಕು.”

“ಅಲ್ಲಿ ಕುಂತಾಕಿ ಅವ್ವಾರಲ್ರೀ...”

“ಗೊತ್ತೈತಿ, ಗೊತ್ತೈತಿ,” ಎಂದು ಸಿದ್ಧರಾಮ ಕಣ್ಣು ಮಿಟುಕಿಸಿದ. “ಅಕ್ಕ ಹೇಳ್ಯಾಳ. ನೀವು ಇಲ್ಲಂತನ ಹೇಳವರು.” ಬಡಿಗೆ ಮೇಲೆದ್ದಿತು.

ನಿಜ ಹೇಳಿ ಹೇಳಿ ಸೋತ ಮನುಷ್ಯ ಏನು ಮಾಡುತ್ತಾನೋ ಅಮೋಘಸಿದ್ಧ ಅದನ್ನೇ ಮಾಡಿದ. ಡೊಳ್ಳು ಬಿಟ್ಟು, ಕಣ್ಣು ಮೇಲೆ ಮಾಡಿ, ತನಗೇ ಗುರುತು ಸಿಗದ ದನಿಯಲ್ಲಿ ಹೇಳಿದ:

“ಅಪ್ಪಣಿ ಆಗೇತಿ.”

ಬಡಿಗೆ ಗಾಳಿಯಲ್ಲೇ ನಿಂತಿತು.

“ಅವ್ವಾರು ಇವತ್ತ ಹೊರಗ ಬರ್ತಾರ. ಬಾಯಿ ತಗದು ಮಾತಾಡ್ತಾರ. ಮುಟ್ಟಬ್ಯಾಡ್ರಿ, ಅಡ್ಡ ಬೀಳಬ್ಯಾಡ್ರಿ, ಕಾಯಿ ಒಡೀಬ್ಯಾಡ್ರಿ. ಕೇಳವರ ಬಾಯಿಂದ ಒಂದ ಅಕ್ಷರ ಬಿತ್ತಂದ್ರ...”

ಮುಂದೇನು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಹೊಳೆಯಬೇಕಾಗಿಯೂ ಇರಲಿಲ್ಲ. ಉಳಿದದ್ದನ್ನು ಜನ ತಮತಮಗೆ ಬೇಕಾದಷ್ಟು ಭಯಂಕರವಾಗಿ ಮನಸ್ಸಿನಲ್ಲೇ ಪೂರ್ತಿ ಮಾಡಿಕೊಂಡರು. ಸಿದ್ಧರಾಮ ಡೊಳ್ಳಿನ ಮೇಲೆ ಕಂಬಳಿ ಹೊದಿಸಿದ. ಕೂಸುಗಳ ಬಾಯಿಗೆ ಬಾಳೆಹಣ್ಣು ತುರುಕಲಾಯಿತು. ಅನಿಲಕುಮಾರ ಸಾಹುಕಾರರು ಫೋನು ಆರಿಸಿ, ಆರಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ನೋಡಿಕೊಂಡು, ಚಪ್ಪಲಿ ರಾಶಿಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಅಷ್ಟು ಜನ ಕೂತ ವರಾಂಡದಲ್ಲಿ ಅಂಗಳದ ಗುಬ್ಬಿಯ ಸಪ್ಪಳ ಕೇಳಿಸತೊಡಗಿತು.

ಗೈಬುಸಾಬರು ಗಾಲಿಕುರ್ಚಿ ದೂಡಿಕೊಂಡು ಬಂದು ಮೆಲ್ಲಗೆ ಕೇಳಿದರು, “ಏನ ಮಾಡಿದಿ ಮಾಸ್ತರ? ಒಳಗ ಸಭಾ ಖಾಲಿ. ಶೇಂಗಾ ಹೋಳಿಗಿ ಬಿಸಿ ಅದಾವಂತ ಪ್ರಿನ್ಸಿಪಾಲರು ಊಟಕ್ಕ ಬಿಟ್ಟಾರ. ಕೂತವರೆಲ್ಲಾ ಪಾಕಶಾಲಿಗೆ ಓಡ್ಯಾರ.”

“ಅವಳ ಪಾಳಿ ಸರ! ಈಗ ಅಂತ ಮಾತು ಕೊಟ್ಟೇನಿ.”

ಗೈಬುಸಾಬರು ಕೂತ ಜನರನ್ನು ಈ ತುದಿಯಿಂದ ಆ ತುದಿಗೆ ನೋಡಿದರು. “ಇಡೀ ಕಾಲೇಜಿನಾಗ ಸಭಾ ಅನ್ನೂವಂಥಾದ್ದು ಇದೊಂದ ಉಳದೈತಿ. ಇಲ್ಲೇ ಓದ್ಲಿ. ಅಧ್ಯಕ್ಷ ಎಲ್ಲಿ ಕುಂದರ್ತಾನ ಅಲ್ಲೇ ಗೋಷ್ಠಿ. ಆದ್ರ ಪ್ರಶ್ನಿ ಕೂತ ಮಂದ್ಯಾಗಿಂದ ಬರಬೇಕು. ಅಧ್ಯಕ್ಷಂದು, ಸಂಘಟಕರದು ಲೆಕ್ಕಕ್ಕಿಲ್ಲ. ಪ್ರಶ್ನಿ ಬರಲಿಲ್ಲಂದ್ರ ಆಕಿ ಸರ್ಟಿಫಿಕೇಟಿಗೆ ನನಗ ಸಹಿ ಮಾಡಾಕ ಬರಂಗಿಲ್ಲ.”

ಅಮೋಘಸಿದ್ಧ ಸರಿ ಎಂದ. ಆ ಹೊತ್ತಿನಲ್ಲಿ ಅವನು ಯಾವುದಕ್ಕಾದರೂ ಸರಿ ಎನ್ನುತ್ತಿದ್ದ.

ಬಾಗಿಲು ತೆರೆಯಿತು. ಸಂಘಮಿತ್ರಾ ಹೊಸ್ತಿಲಲ್ಲಿ ನಿಂತಳು. ಇಷ್ಟು ಜನರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಯಾರೂ ಮೇಲೇಳಲಿಲ್ಲ. ಯಾರೂ ಕೈ ಚಾಚಲಿಲ್ಲ. ಅವಳು ಕಿವಿಯ ಮೇಲಿನ ಒಂದು ಕೈ ತೆಗೆದು ಆಲಿಸಿದಳು, ಏನೂ ಸಪ್ಪಳವಿಲ್ಲ. ಇನ್ನೊಂದೂ ತೆಗೆದಳು. ಚೀಲದಿಂದ ಹಾಳೆ ತೆಗೆದು, ಗಾಲಿಕುರ್ಚಿಯ ಪಕ್ಕದಲ್ಲಿ ನಿಂತು ಓದತೊಡಗಿದಳು.

ಮೊದಲ ಮಾತುಗಳು ಎಡವಿದವು. ಆಮೇಲೆ ದನಿ ನೆಲ ಹಿಡಿಯಿತು. ಆಲಮೇಲದ ಕಡೆ ‘ಜಗಳದ ಪಟ್ಟಿ’ ಎಂಬ ಹೊಲವಿದೆ, ಜಗಳವಾಡಿದವರ ಹೆಸರು ಈಗ ಯಾರಿಗೂ ನೆನಪಿಲ್ಲ ಎಂದು ಓದಿದಳು. ಮಸೂತಿ ಊರಿನ ‘ಸೊಸಿ ಎರಿ’ ಎಂಬ ಕರಿಮಣ್ಣಿನ ಹೊಲವನ್ನು ಯಾವ ಸೊಸೆ ಉಳಿಸಿಕೊಂಡಳೆಂದು ಓದಿದಳು. ದೇವಣಗಾಂವದ ‘ಕುರಿ ನಿಂತ ಹೊಲ’ ಎಂದಾಗ ಸಿದ್ಧರಾಮನ ಮೈ ಜುಮ್ಮೆಂದು, ಅವನು ಪಕ್ಕದವನ ತೊಡೆ ಚಿವುಟಿದ. ಚಿವುಟಿಸಿಕೊಂಡವನು ತುಟಿ ಕಚ್ಚಿ ನೋವು ನುಂಗಿದ. ಕಾಗದದಲ್ಲಿ ಹೊಲಕ್ಕೆ ನಂಬರು ಮಾತ್ರ ಇರುತ್ತದೆ, ಹೆಸರಿಟ್ಟವರು ಅದರಲ್ಲಿ ಕಳೆ ತೆಗೆದ ಹೆಂಗಸರು, ಅವರಲ್ಲಿ ಹೊಲವೇ ಇಲ್ಲದ ನಮ್ಮ ಓಣಿಯವರೂ ಇದ್ದರು ಎಂದು ಓದಿದಾಗ ಕಾಶಿಬಾಯಿಯ ಬಾಯಿ ತೆರೆಯಿತು. ಹೇಳಲು ಅವಳ ಹತ್ತಿರ ಒಂದು ರಾತ್ರಿಗಾಗುವಷ್ಟಿತ್ತು. ಸೆರಗು ತುರುಕಿ ಬಾಯಿ ಮುಚ್ಚಿಕೊಂಡಳು.

ಸಂಘಮಿತ್ರಾ ಕೊನೆಯ ಹಾಳೆಯ ಕೊನೆಯ ಸಾಲಿನ ತನಕ ಓದಿದಳು. ಇಲ್ಲಿಯ ತನಕ ಯಾವ ಸಭೆಯಲ್ಲೂ ಅವಳು ಆ ಸಾಲು ಮುಟ್ಟಿರಲಿಲ್ಲ. ಅಮೋಘಸಿದ್ಧ ಕಣ್ಣೊರೆಸಿಕೊಂಡು ಎರಡೂ ಕೈ ಮೇಲೆತ್ತಿ ಬೀಸಿದ. ಇದೂ ಅಪ್ಪಣೆಯ ಒಂದು ಭಾಗವೆಂದು ಇಡೀ ವರಾಂಡ ಕೈಯೆತ್ತಿ ಬೀಸಿತು. ಎಲ್ಲರಿಗಿಂತ ಎತ್ತರಕ್ಕೆ ಬೀಸಿದ್ದು ಸಾಹುಕಾರರ ಕೈ. ಸಂಘಮಿತ್ರಾ ನಕ್ಕಳು.

ಗೈಬುಸಾಬರು ಪೆನ್ನು ತೆಗೆದರು. “ಪ್ರಶ್ನಿ ಇದ್ರ ಕೇಳ್ರಿ.”

ಯಾರೂ ಮಿಸುಕಲಿಲ್ಲ.

ಅಮೋಘಸಿದ್ಧನಿಗೆ ತಾನು ಕಟ್ಟಿದ ಗಂಟು ಆಗ ಕಾಣಿಸಿತು. “ಈಗ ಮಾತಾಡಬಹುದ್ರಿ,” ಎಂದ. “ಅಪ್ಪಣಿ ಬಿಟ್ಟೈತಿ. ನಿಮ್ಮ ಹೊಲದ ಸುದ್ದೀನ ಅದು, ಏನರೆ ಕೇಳ್ರಿ. ಮಾವಾರ, ನೀವರೆ!” ಸಿದ್ಧರಾಮ ಇದು ಪರೀಕ್ಷೆಯೆಂದು ಬಗೆದು ಕಣ್ಣು ಮುಚ್ಚಿದ. ಸಾಹುಕಾರರು ತಲೆ ಬಗ್ಗಿಸಿದರು. “ಅತ್ತೀ, ಎಲ್ಲಾ ಸುಳ್ಳರೀ. ನಾನ ಹೇಳಿದ ಸುಳ್ಳು!” ಕಾಶಿಬಾಯಿ ಅಳಿಯನನ್ನು ಕರುಣೆಯಿಂದ ನೋಡಿ, ತುಟಿಯ ಮೇಲೆ ಬೆರಳಿಟ್ಟಳು.

ಗೈಬುಸಾಬರು ಪೆನ್ನಿನ ಮುಚ್ಚಳ ಹಿಡಿದು ಕಾಯುತ್ತಿದ್ದರು. ಸಂಘಮಿತ್ರಾ ಹಾಳೆಗಳನ್ನು ಎದೆಗೊತ್ತಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಎಲ್ಲ ಕಣ್ಣುಗಳೂ ಅವಳ ಮೇಲಿದ್ದವು, ಎಲ್ಲ ಕೈಗಳೂ ಮುಗಿದಿದ್ದವು.

“ಯಾರರೆ ಒಂದ ಪ್ರಶ್ನಿ ಕೇಳ್ರಿ,” ಎಂದಳು.